ಕೆರೆ, ಕೃಷಿಹೊಂಡದ ಮುಳುಗು ಜೀರುಂಡೆ: ಹುಡುಕಿ ಗುರುತಿಸುವ ಕ್ರಮ

ಕೃಷಿಹೊಂಡದ ದಂಡೆಯ ಮೇಲೆ ಐದು ನಿಮಿಷ ಅಲುಗಾಡದೆ ಕುಳಿತುಕೊಳ್ಳಿ. ತಳದಿಂದ ಹುಣಸೆಬೀಜದಂಥ ಕರಿ ಹುಳವೊಂದು ಮೇಲೆದ್ದು ಬರುತ್ತದೆ. ತಲೆ ಕೆಳಗೆ, ಬಾಲ ಮೇಲೆ. ಬಾಲದ ತುದಿಯನ್ನಷ್ಟೇ ನೀರಿನಿಂದ ಹೊರಗೆ ಚಾಚಿ ಒಂದೆರಡು ಕ್ಷಣ ಹಾಗೇ ಜೋತುಬೀಳುತ್ತದೆ, ಆಮೇಲೆ ಸರಕ್ಕನೆ ಕೆಳಗಿಳಿಯುತ್ತದೆ. ಇಳಿಯುವಾಗ ಅದರ ಹಿಂಬದಿಯಲ್ಲಿ ಬೆಳ್ಳಿಮಣಿಯಂಥ ಗಾಳಿಗುಳ್ಳೆ ಮಿಂಚಿದರೆ ನೀವು ನೋಡಿದ್ದು ಮುಳುಗು ಜೀರುಂಡೆ. ಕೀಟಶಾಸ್ತ್ರದವರು ಈ ಕುಟುಂಬವನ್ನು ಡೈಟಿಸಿಡೇ ಎನ್ನುತ್ತಾರೆ. ಜಗತ್ತಿನಲ್ಲಿ ಇದರ 4,000ಕ್ಕೂ ಹೆಚ್ಚು ಪ್ರಭೇದಗಳಿವೆ. ಎರಡು ಮಿಲಿಮೀಟರಿನ ಚುಕ್ಕೆಯಿಂದ ಹಿಡಿದು ಹೆಬ್ಬೆರಳಿನ ಉಗುರಿಗಿಂತ ದೊಡ್ಡದರವರೆಗೆ ಎಲ್ಲ ಅಳತೆಯವೂ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ನೀರಿನಲ್ಲೇ ಸಿಗುತ್ತವೆ.

ಮೊದಲು ಇದರ ಉಸಿರಾಟವನ್ನು ತಿಳಿದುಕೊಳ್ಳಿ. ಎಲ್ಲಿ ಹುಡುಕಬೇಕು, ಬೋನು ಹೇಗೆ ಮಾಡಬೇಕು, ಡಬ್ಬಿಯಲ್ಲಿ ಎಷ್ಟು ನೀರು ಹಾಕಬೇಕು, ಮೀನುಮರಿ ಸಾಕುವವರು ಇದನ್ನು ದೂರ ಇಡುವುದು ಹೇಗೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಗುಳ್ಳೆಯಲ್ಲಿದೆ.

ಗುಳ್ಳೆಯ ಲೆಕ್ಕ

ಜೀರುಂಡೆಗೆ ಕಿವಿರು ಇಲ್ಲ. ಬೆನ್ನ ಮೇಲಿನ ಎರಡು ಗಟ್ಟಿ ರೆಕ್ಕೆಗಳ ಕೆಳಗೆ ಸ್ವಲ್ಪ ಗಾಳಿಯನ್ನು ಕೂಡಿಟ್ಟುಕೊಂಡು ಮುಳುಗುತ್ತದೆ. ಉಸಿರಿನ ರಂಧ್ರಗಳು ಹೊಟ್ಟೆಯ ಮೇಲ್ಭಾಗದಲ್ಲಿ ಆ ಗಾಳಿಗೇ ತೆರೆದುಕೊಂಡಿರುತ್ತವೆ. ಬಾಲದ ಬಳಿ ಹೊರಗೆ ಇಣುಕುವ ಗುಳ್ಳೆ ಬರೀ ದಾಸ್ತಾನಲ್ಲ. ಅದರೊಳಗಿನ ಆಮ್ಲಜನಕ ಖರ್ಚಾದಂತೆ ನೀರಿನಲ್ಲಿ ಕರಗಿದ ಆಮ್ಲಜನಕ ಅದರೊಳಗೆ ಜಿನುಗುತ್ತದೆ. ಅಂದರೆ ಗುಳ್ಳೆಯೇ ಕಿವಿರಿನ ಕೆಲಸ ಮಾಡುತ್ತದೆ. ಆದರೆ ಅದರಲ್ಲಿರುವ ಸಾರಜನಕ ನಿಧಾನವಾಗಿ ನೀರಿಗೆ ಸೋರಿಹೋಗುವುದರಿಂದ ಗುಳ್ಳೆ ಕುಗ್ಗುತ್ತ ಬರುತ್ತದೆ, ಹುಳ ಮತ್ತೆ ಮೇಲೆ ಬರಲೇಬೇಕಾಗುತ್ತದೆ.

ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಹುಳದ ಮೈಗೆ ಬೇಕಾಗುವುದು ಮಾತ್ರ ಹೆಚ್ಚುತ್ತದೆ. ಹೀಗಾಗಿ ಬಿಸಿಲಿನ ದಿನ ಅದು ಮೇಲಿಂದ ಮೇಲೆ ಬರುತ್ತದೆ. ಛಳಿಗಾಲದ ಬೆಳಿಗ್ಗೆ ತಾಸುಗಟ್ಟಲೆ ಕೂತರೂ ಒಂದೂ ಕಾಣದಿದ್ದರೆ ಹುಳ ಇಲ್ಲ ಎಂದಲ್ಲ. ಅದಕ್ಕೆ ಮೇಲೆ ಬರುವ ತುರ್ತಿಲ್ಲ, ಅಷ್ಟೆ.

ಎಲ್ಲಿ, ಯಾವಾಗ

ದೊಡ್ಡ ಜಲಾಶಯದ ತೆರೆದ ದಂಡೆ ಬೇಡ. ಆಲಮಟ್ಟಿ ಹಿನ್ನೀರು, ಹಿಡಕಲ್, ನವಿಲುತೀರ್ಥ ಇಂಥ ಕಡೆ ಅಲೆ ಬಡಿಯುವ ಕಲ್ಲಿನ ಅಂಚಿನಲ್ಲಿ ಹುಳ ಕಡಿಮೆ. ಮೇಲೆ ಬಂದು ಉಸಿರು ತೆಗೆದುಕೊಳ್ಳುವ ಹುಳಕ್ಕೆ ಅಲೆಯಿಲ್ಲದ ನೀರು ಬೇಕು, ಬೇಟೆಯಾಡಲು ಕಸ-ಪಾಚಿ ಬೇಕು, ಮೀನಿನಿಂದ ತಪ್ಪಿಸಿಕೊಳ್ಳಲು ಆಸರೆ ಬೇಕು. ಅದೇ ಹಿನ್ನೀರು ಇಳಿದ ಮೇಲೆ ಹೊಲಗಳಲ್ಲಿ ಉಳಿಯುವ ಮೊಣಕಾಲುದ್ದದ ಗುಂಡಿಗಳಲ್ಲಿ, ಕಾಲುವೆ ಬಸಿಯುವ ತಗ್ಗುಗಳಲ್ಲಿ, ಜೊಂಡು ಬೆಳೆದ ಕೆರೆಮೂಲೆಗಳಲ್ಲಿ ಬಲೆ ತುಂಬುತ್ತದೆ. ದಂಡೆಯಿಂದ ಎರಡು ಮೀಟರಿನೊಳಗೆ, ಒಂದು ಅಡಿಯಿಂದ ಎರಡು ಅಡಿ ಆಳದೊಳಗೆ ಹುಡುಕಿದರೆ ಸಾಕು.

ಈ ಭಾಗದಲ್ಲಿ ನೋಡಬೇಕಾದ ಜಾಗಗಳು ಐದಾರು ಬಗೆಯವು. ಏತ ನೀರಾವರಿಯಿಂದ ತುಂಬಿಸುವ ವಿಜಯಪುರ ಜಿಲ್ಲೆಯ ಕೆರೆಗಳ ಬಾಲ, ಅಂದರೆ ನೀರು ಬಂದು ಸೇರುವ ತೆಳುವಾದ ತುದಿ. ಎರೆ ಹೊಲದ ಒಡ್ಡಿನ ಬದಿಯ ತಗ್ಗು. ಮಿರಗ ಮಳೆಗೆ ತುಂಬಿ ದೀಪಾವಳಿ ಹೊತ್ತಿಗೆ ಒಣಗುವ ಹಳ್ಳದ ಮಡು. ಗೋಕಾಕದ ಕಡೆ ಘಟಪ್ರಭೆಯ ಬಂಡೆಗಳಲ್ಲಿ ನೀರು ನಿಂತ ಕುಳಿಗಳು. ಕಬ್ಬಿನ ಹೊಲದ ಬಸಿಗಾಲುವೆ. ಕೃಷಿಹೊಂಡ ಎಲ್ಲಕ್ಕಿಂತ ಸುಲಭ, ಆದರೆ ಅದರ ಅಪಾಯ ಬೇರೆ. ಅದನ್ನು ಮುಂದೆ ಹೇಳಲಾಗಿದೆ. ವಿಜಯಪುರದ ಹಳೆಯ ಬಾವಡಿಗಳು ನೋಡಲು ಎಷ್ಟೇ ಆಕರ್ಷಕವಾಗಿರಲಿ, ಈ ಕೆಲಸಕ್ಕೆ ಬಾರವು. ನೆಟ್ಟಗಿನ ಕಲ್ಲುಗೋಡೆ, ಆಳದ ನೀರು, ಅಂಚೇ ಇಲ್ಲ.

ಮೀನು ಬಿಟ್ಟ ಕೆರೆಯಲ್ಲಿ ದೊಡ್ಡ ಜೀರುಂಡೆಯ ಮರಿ ಸಿಗುವುದು ಅಪರೂಪ. ಮೀನಿಲ್ಲದ, ವರ್ಷಕ್ಕೊಮ್ಮೆ ಒಣಗುವ ನೀರಿನಲ್ಲೇ ಈ ಕುಟುಂಬ ಹುಲುಸಾಗಿ ಬಾಳುತ್ತದೆ. ಒಣಗುವ ಗುಂಡಿ ಎಂದು ಅದನ್ನು ಬಿಟ್ಟು ಕೆರೆಗೆ ಹೋಗುವುದು ಹೊಸಬರು ಮಾಡುವ ಮೊದಲ ತಪ್ಪು.

ಕಾಲ: ಉತ್ತರಿ-ಹಸ್ತ ಮಳೆ ಮುಗಿದು ಕೆಸರು ಕುಳಿತ ಮೇಲೆ, ಅಕ್ಟೋಬರ್‌ನಿಂದ ಜನವರಿಯವರೆಗೆ ಎಲ್ಲಕ್ಕಿಂತ ಒಳ್ಳೆಯದು. ಎರೆಮಣ್ಣಿನ ನೀರು ಜೂನ್-ಜುಲೈನಲ್ಲಿ ಚಹಾದ ಬಣ್ಣಕ್ಕಿರುತ್ತದೆ, ಬಲೆಗೆ ಬಿದ್ದ ಹುಳವೂ ಕಾಣುವುದಿಲ್ಲ. ಎರಡನೆಯ ಒಳ್ಳೆಯ ಕಾಲ ಮಾರ್ಚ್-ಏಪ್ರಿಲ್. ಕೆರೆ ಕುಗ್ಗಿ ಉಳಿದ ನಾಲ್ಕು ಗುಂಡಿಗಳಲ್ಲಿ ಹುಳಗಳೆಲ್ಲ ಗುಂಪುಗೂಡಿರುತ್ತವೆ. ಆ ಗುಂಡಿಯೂ ಬತ್ತುವ ಮುಂಚೆ ರಾತ್ರಿ ಹಾರಿಹೋಗುತ್ತವೆ. ಆದ್ದರಿಂದ ಇವತ್ತು ಕಂಡದ್ದು ಒಂದು ವಾರದ ಮೇಲೆ ಅಲ್ಲೇ ಇರುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ.

ನೀರಿಗಿಳಿಯುವ ಮುಂಚೆ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳಲ್ಲೂ ಅವುಗಳ ಹಿನ್ನೀರಿನಲ್ಲೂ ಮೊಸಳೆಗಳಿವೆ. ನದಿ ದಂಡೆಯಲ್ಲಿ ನೀರಿಗೆ ಕಾಲಿಡಲೇಬೇಡಿ. ಅಲ್ಲಿ ಬದಿಯ ಗುಂಡಿಗಳನ್ನಷ್ಟೇ ನೋಡಿ. ಹರಿಯುವ ಕಾಲುವೆಗೂ ಇದೇ ಮಾತು.

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದಲ್ಲಿ ಪಾಚಿ ಕಟ್ಟಿದ ಇಳಿಜಾರು ಎಣ್ಣೆ ಸವರಿದಂತಿರುತ್ತದೆ. ಜಾರಿದವರು ಈಜು ಬಂದರೂ ಮೇಲೆ ಹತ್ತಲಾರರು. ಒಬ್ಬರೇ ಹೋಗಬೇಡಿ. ದಂಡೆಯ ಮರಕ್ಕೋ ಗೂಟಕ್ಕೋ ಒಂದೊಂದು ಅಡಿಗೆ ಗಂಟು ಹಾಕಿದ ಹಗ್ಗ ಕಟ್ಟಿ ನೀರಿಗೆ ಇಳಿಬಿಡಿ. ಬಲೆಯನ್ನು ದಂಡೆಯ ಮೇಲೆ ಮಂಡಿಯೂರಿಯೇ ಆಡಿಸಿ. ಕೈ ಸಾಲದಿದ್ದರೆ ಬಲೆಯ ಹಿಡಿ ಉದ್ದ ಮಾಡಿಕೊಳ್ಳಿ, ನೀವು ಮುಂದೆ ಬಾಗಬೇಡಿ.

ಒಡ್ಡಿನ ಹುಲ್ಲಿನಲ್ಲಿ ಕೊಳಕುಮಂಡಲ ಮಲಗಿರುತ್ತದೆ. ಗಮ್‌ಬೂಟು ಹಾಕಿ, ಕೋಲಿನಿಂದ ಹುಲ್ಲು ತಟ್ಟುತ್ತ ನಡೆಯಿರಿ. ಕೈಕಾಲಿಗೆ ಗಾಯವಿದ್ದರೆ ಆ ದಿನ ನಿಂತ ನೀರು ಮುಟ್ಟಬೇಡಿ. ಇಲಿಜ್ವರ ಬರುವುದು ಹಾಗೆಯೇ. ಗೋಕಾಕ ತಾಲೂಕಿನ ಘಟಪ್ರಭಾ ಪಕ್ಷಿಧಾಮದಂಥ ಸಂರಕ್ಷಿತ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬಲೆ ಹಾಕುವಂತಿಲ್ಲ. ಖಾಸಗಿ ಹೊಂಡವಾದರೆ ಹೊಲದವರನ್ನು ಮೊದಲು ಕೇಳಿ. ಹುಳ ನೋಡಲಿಕ್ಕೆ ಬಂದಿದ್ದೇವೆ ಎಂದರೆ ಮೊದಲು ನಕ್ಕು, ಆಮೇಲೆ ತಾವೇ ಹುಳವಿರುವ ಮೂಲೆ ತೋರಿಸುತ್ತಾರೆ.

ಬಲೆ ಮತ್ತು ತಟ್ಟೆ

ಅಂಗಡಿಯಲ್ಲಿ ಸಿಗುವ ಚಿಟ್ಟೆಬಲೆ ಒಂದೇ ಬೀಸಿಗೆ ಹರಿಯುತ್ತದೆ. ಮನೆಯಲ್ಲೇ ಮಾಡಿಕೊಳ್ಳಿ.

6 ಮಿಲಿಮೀಟರ್ ಕಬ್ಬಿಣದ ಸರಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿ. ಆಕಾರ ದುಂಡಗಲ್ಲ, ಒಂದು ಬದಿ ನೆಟ್ಟಗೆ, ಉಳಿದದ್ದು ಕಮಾನು. ನೆಟ್ಟಗಿನ ಬದಿ 30 ಸೆಂಟಿಮೀಟರ್ ಇರಲಿ. ಆ ಬದಿ ತಳಕ್ಕೆ ಕೂರುವುದರಿಂದ ಕೆಳಗಿನಿಂದ ಹುಳ ತಪ್ಪಿಸಿಕೊಳ್ಳುವುದಿಲ್ಲ. ದುಂಡು ಬಲೆಯಲ್ಲಿ ಎರಡೂ ಪಕ್ಕದ ಸಂದಿಯಿಂದ ಅರ್ಧಕ್ಕರ್ಧ ಹೋಗಿಬಿಡುತ್ತವೆ. ಚೀಲದ ಆಳ 40 ಸೆಂಟಿಮೀಟರ್ ಬೇಕು. ಕಡಿಮೆಯಾದರೆ ಎತ್ತುವಾಗಲೇ ಹುಳ ಹೊರಗೆ ಈಜುತ್ತದೆ. ಬಟ್ಟೆಗೆ ಬಿಳಿ ನೈಲಾನ್ ಸೊಳ್ಳೆಪರದೆ ಸಾಕು, ಆದರೆ ಅತಿ ಸಣ್ಣ ಜಾತಿಗಳು ಅದರ ಕಣ್ಣಿನಿಂದ ನುಸುಳುತ್ತವೆ. ಅವೂ ಬೇಕೆಂದರೆ ಪರದೆಯನ್ನು ಎರಡು ಪದರ ಮಾಡಿ, ಕಣ್ಣಿಗೆ ಕಣ್ಣು ಕೂಡದಂತೆ ಸ್ವಲ್ಪ ಓರೆಯಾಗಿಟ್ಟು ಹೊಲಿಯಿರಿ. ಸರಳಿನ ಸುತ್ತ ತಾಡಪತ್ರಿಯ ಎರಡು ಇಂಚಿನ ಪಟ್ಟಿ ಹೊಲಿದು ಅದಕ್ಕೆ ಪರದೆ ಜೋಡಿಸಿ. ಪರದೆಯನ್ನೇ ನೇರ ಸರಳಿಗೆ ಹೊಲಿದರೆ ಕಲ್ಲಿಗೆ ಉಜ್ಜಿ ಎರಡು ದಿನದಲ್ಲಿ ತೂತಾಗುತ್ತದೆ. ಹಿಡಿಗೆ ಒಂದೂವರೆ ಮೀಟರಿನ ಬಿದಿರು.

ಬಂಡೆಯ ಕುಳಿ, ಗೊರಸಿನ ಗುಂಡಿ ಇಂಥ ಕಡೆ ಈ ಬಲೆ ಹಿಡಿಸುವುದಿಲ್ಲ. ಅಲ್ಲಿಗೆ ಹಿಟ್ಟು ಸಾಣಿಸುವ ಸ್ಟೀಲ್ ಜರಡಿ, ಇನ್ನೂ ಸಣ್ಣದಕ್ಕೆ ಚಹಾ ಸೋಸುವ ಜಾಳಿಗೆ.

ತಟ್ಟೆ ಬಿಳಿ ಪ್ಲಾಸ್ಟಿಕ್‌ದೇ ಆಗಿರಲಿ, 30×40 ಸೆಂಟಿಮೀಟರ್ ಅಳತೆಯದು. ಸ್ಟೀಲ್ ಪರಾತ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಹುಳ ಕಾಣುವುದಿಲ್ಲ. ಇದಲ್ಲದೆ ಒಂದು ಚಮಚ, ನಾಲ್ಕನೇ ನಂಬರಿನ ಚಿತ್ರಕಲೆಯ ಕುಂಚ, ಮುಚ್ಚಳವಿರುವ ಐದಾರು ಪಾರದರ್ಶಕ ಡಬ್ಬಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಒಂದು ಸಣ್ಣ ಸ್ಕೇಲು. ಕೈಮಸೂರ ಇಲ್ಲದೆ ಹೋದರೆ ಅರ್ಧ ಕೆಲಸ ಮಾತ್ರ ಆಗುತ್ತದೆ.

ಬಲೆ ಬೀಸುವುದು

1. ದಂಡೆಗೆ ಬಂದ ಕೂಡಲೇ ಬಲೆ ಹಾಕಬೇಡಿ. ನೆರಳು ನೀರಿನ ಮೇಲೆ ಬೀಳದಂತೆ ಕುಳಿತು ಐದು ನಿಮಿಷದಲ್ಲಿ ಎಷ್ಟು ಹುಳ ಮೇಲೆ ಬಂದವು, ತಲೆ ಮೊದಲೋ ಬಾಲ ಮೊದಲೋ ಎಂದು ಬರೆದುಕೊಳ್ಳಿ.

2. ಗಿಡವಿರುವ ಕಡೆ ಕೋಲಿನಿಂದ ಬುಡ ಅಲುಗಿಸಿ. ಬಲೆಯ ನೆಟ್ಟಗಿನ ಬದಿಯನ್ನು ತಳಕ್ಕೆ ತಾಗಿಸಿ, ಆದರೆ ಕೆಸರು ಬಗೆಯದಂತೆ, ಒಂದು ಮೀಟರ್ ಉದ್ದ ಎಳೆಯಿರಿ.

3. ತಕ್ಷಣ ಅದೇ ಜಾಗದಲ್ಲಿ ಹಿಂದಕ್ಕೊಮ್ಮೆ, ಮತ್ತೆ ಮುಂದಕ್ಕೊಮ್ಮೆ. ಮೊದಲ ಎಳೆತ ಹುಳಗಳನ್ನು ಅಡಗುದಾಣದಿಂದ ಎಬ್ಬಿಸುತ್ತದೆ, ಎರಡು ಮತ್ತು ಮೂರನೆಯದಕ್ಕೆ ಸಿಕ್ಕಿಬೀಳುತ್ತವೆ. ಒಂದೇ ಸಲ ಎಳೆದು ಬಲೆ ಎತ್ತಿ, ಏನೂ ಇಲ್ಲ ಎಂದು ಹೋಗುವವರೇ ಹೆಚ್ಚು.

4. ಬಾಯಿ ಮೇಲೆ ಬರುವಂತೆ ಹಿಡಿದು ಚೀಲದ ಬುಡವನ್ನು ನೀರಿನಲ್ಲಿ ಅಲುಬಿ, ಕೆಸರು ತೊಳೆದುಹೋಗಲಿ. ಕೆಸರಿನ ಮುದ್ದೆಯ ಕೆಳಗೆ ಸಿಕ್ಕ ಹುಳಕ್ಕೆ ಗುಳ್ಳೆ ಒಡೆದು ಉಸಿರು ಕಟ್ಟುತ್ತದೆ.

5. ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ತಿಳಿನೀರು ಹಾಕಿ ಬಲೆಯನ್ನು ಮಗುಚಿ. ಆಮೇಲೆ ಎರಡು ನಿಮಿಷ ಕೈ ಹಾಕಬೇಡಿ. ಸತ್ತಂತೆ ಬಿದ್ದ ಕಸದ ಚೂರುಗಳಲ್ಲಿ ಕೆಲವು ಕಾಲಾಡಿಸತೊಡಗುತ್ತವೆ.

ಒಂದೊಂದು ಜಾಗಕ್ಕೂ ಇಂಥ 10 ಬೀಸು. ಎಲ್ಲ ಕಡೆ ಅಷ್ಟೇ ಮಾಡಿದರೆ ಈ ಹೊಂಡಕ್ಕೂ ಆ ಹಳ್ಳಕ್ಕೂ ಹೋಲಿಸಬಹುದು. ಒಂದು ಕಡೆ ಐದು, ಇನ್ನೊಂದು ಕಡೆ ಮೂವತ್ತು ಮಾಡಿದರೆ ಲೆಕ್ಕಕ್ಕೆ ಅರ್ಥವಿಲ್ಲ.

ತಟ್ಟೆಯಲ್ಲಿ ನೋಡುವುದು

ಇಲ್ಲಿ ಆತುರ ಬೇಡ. ಮೂರ್ನಾಲ್ಕು ಬಗೆಯ ಹುಳಗಳು ಒಂದೇ ತರಹ ಕಾಣುತ್ತವೆ.

ಮೊದಲು ಬೆನ್ನು ನೋಡಿ. ಎರಡು ರೆಕ್ಕೆಗಳು ನಡುವೆ ಬೈತಲೆ ತೆಗೆದಂತೆ ನೇರ ಗೆರೆಯಲ್ಲಿ ಕೂಡಿದ್ದರೆ ಜೀರುಂಡೆ. ಒಂದರ ಮೇಲೊಂದು ಅಡ್ಡಲಾಗಿ ಮಡಚಿ, ತುದಿ ತೆಳು ಪೊರೆಯಂತಿದ್ದರೆ ಅದು ನೀರುತಿಗಣೆ. ತಿಗಣೆಗೆ ದವಡೆಯಿಲ್ಲ, ಸೂಜಿಯಂಥ ಕೊಕ್ಕಿದೆ. ದೊಡ್ಡ ನೀರುತಿಗಣೆ ಚುಚ್ಚಿದರೆ ಚೇಳಿನ ನೆನಪಾಗುತ್ತದೆ, ಅದನ್ನು ಚಮಚದಿಂದಲೇ ಎತ್ತಿ. ಬೆನ್ನ ತುಂಬ ಮೊಟ್ಟೆ ಅಂಟಿಸಿಕೊಂಡ ಚಪ್ಪಟೆ ಹುಳ ಕಂಡರೆ ಅದೂ ತಿಗಣೆಯೇ. ಮೊಟ್ಟೆ ಹೊರುವುದು ಅದರಲ್ಲಿ ಗಂಡಿನ ಕೆಲಸ.

ಜೀರುಂಡೆ ಎಂದು ಖಾತ್ರಿಯಾದ ಮೇಲೆ ಈಜು ನೋಡಿ. ನೀರಿನ ಮೇಲ್ಮೈಯಲ್ಲೇ ಬುಗುರಿಯಂತೆ ಗಿರಗಿರ ಸುತ್ತಿದರೆ ಅದು ಬೇರೆ ಕುಟುಂಬ, ಸುತ್ತು ಜೀರುಂಡೆ. ಅದರ ಒಂದೊಂದು ಕಣ್ಣೂ ಎರಡಾಗಿ ಒಡೆದಿರುತ್ತದೆ. ಅರ್ಧ ನೀರಿನ ಮೇಲಕ್ಕೆ, ಅರ್ಧ ಕೆಳಕ್ಕೆ.

ಹೆಚ್ಚು ಗೊಂದಲ ಮಾಡುವುದು ನೀರಿನ ಕೊಳೆ ತಿನ್ನುವ ಜೀರುಂಡೆ, ಹೈಡ್ರೋಫಿಲಿಡೇ ಕುಟುಂಬದ್ದು. ಬಣ್ಣ, ಗಾತ್ರ, ಹೊಳಪು ಎಲ್ಲ ಹೆಚ್ಚುಕಡಿಮೆ ಅದೇ. ಆದರೆ ಅದು ನೀರಿನೊಳಗೆ ನಡೆಯುವಂತೆ ಎಡ-ಬಲ ಕಾಲುಗಳನ್ನು ಸರತಿಯಂತೆ ಆಡಿಸುತ್ತದೆ. ಮುಳುಗು ಜೀರುಂಡೆ ಹಿಂಗಾಲು ಎರಡನ್ನೂ ಒಟ್ಟಿಗೆ, ಹರಿಗೋಲಿನ ಎರಡು ಹುಟ್ಟು ಒಮ್ಮೆಲೇ ಹಾಕಿದಂತೆ ಬೀಸುತ್ತದೆ. ಆ ಹಿಂಗಾಲುಗಳ ಅಂಚಿಗೆ ಸಾಲಾಗಿ ಉದ್ದ ಕೂದಲಿವೆ. ಹಿಂದಕ್ಕೆ ತಳ್ಳುವಾಗ ಕೂದಲು ಬಿಚ್ಚಿಕೊಂಡು ಅಗಲವಾಗುತ್ತವೆ, ಮುಂದಕ್ಕೆ ತರುವಾಗ ಮಡಚಿಕೊಳ್ಳುತ್ತವೆ. ಡಬ್ಬಿಯಲ್ಲಿ ಹಾಕಿ ಬದಿಯಿಂದ ನೋಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ.

ಇನ್ನೊಂದು ಗುರುತು ಮೀಸೆ. ಮುಳುಗು ಜೀರುಂಡೆಯ ಮೀಸೆ ದಾರದಂತೆ ಸಪೂರ, 11 ಗೆಣ್ಣು. ಕೊಳೆ ತಿನ್ನುವುದರ ಮೀಸೆ ಗಿಡ್ಡ, ತುದಿಗೆ ಗದೆಯಂಥ ಗಂಟು. ಅದು ಮೀಸೆಯನ್ನು ತಲೆಯ ಕೆಳಗೆ ಬಚ್ಚಿಟ್ಟುಕೊಂಡು, ಬಾಯಿಯ ಪಕ್ಕದ ಉದ್ದ ಎಳೆಗಳನ್ನು ಮುಂದೆ ಚಾಚಿರುತ್ತದೆ. ಅದನ್ನೇ ಮೀಸೆ ಎಂದುಕೊಂಡು ಫೋಟೊ ಹಾಕಿ ತಪ್ಪು ಹೆಸರು ಬರೆಯುವುದು ದಿನನಿತ್ಯದ ಸಂಗತಿ. ಅನುಮಾನ ಬಂದರೆ ಉಸಿರಾಟವೇ ತೀರ್ಪು: ಕೊಳೆ ತಿನ್ನುವುದು ತಲೆ ಮೇಲೆ ಮಾಡಿ ಬಂದು ಮೀಸೆಯ ಸಹಾಯದಿಂದ ಗಾಳಿ ತೆಗೆದುಕೊಳ್ಳುತ್ತದೆ, ಹೊಟ್ಟೆಯಡಿ ಬೆಳ್ಳಿಯಂತೆ ಹೊಳೆಯುತ್ತದೆ. ಮುಳುಗು ಜೀರುಂಡೆ ಬಾಲ ಮೇಲೆ ಮಾಡಿ ಬರುತ್ತದೆ. ಕೊಳೆ ತಿನ್ನುವವುಗಳಲ್ಲಿ ದೊಡ್ಡದಕ್ಕೆ ಎದೆಯ ಕೆಳಗೆ ಹಿಂದಕ್ಕೆ ಚಾಚಿದ ಮುಳ್ಳಿದೆ, ಮುಷ್ಟಿಯಲ್ಲಿ ಹಿಡಿದರೆ ಚುಚ್ಚುತ್ತದೆ.

ಕೊಳೆ ತಿನ್ನುವ ಕುಟುಂಬದ ಒಂದು ಸಣ್ಣ ಹುಳದ ಸಂಗತಿಯನ್ನು ಇಲ್ಲಿ ಹೇಳದೆ ಬಿಡಲಾಗದು. ರೆಜಿಂಬಾರ್ಟಿಯಾ ಅಟೆನ್ಯುಯೇಟಾ ಎಂಬ ಅದು ಭಾರತದಲ್ಲೂ ಇದೆ. ಕಪ್ಪೆ ಅದನ್ನು ಜೀವಂತ ನುಂಗಿದರೆ ಕರುಳಿನಲ್ಲಿ ಕಾಲಾಡಿಸುತ್ತ ಸಾಗಿ ಹಿಂಬಾಗಿಲಿನಿಂದ ಜೀವಂತ ಹೊರಬರುತ್ತದೆಂದು ಜಪಾನಿನ ಕೋಬೆ ವಿಶ್ವವಿದ್ಯಾಲಯದ ಶಿಂಜಿ ಸುಗಿಯುರಾ 2020ರಲ್ಲಿ ತೋರಿಸಿದರು. ಅತಿ ಬೇಗ ಹೊರಬಂದದ್ದಕ್ಕೆ ಹಿಡಿದದ್ದು 6 ನಿಮಿಷ.

ಯಾವುದು ಯಾವುದು

ಪ್ರಭೇದದವರೆಗೆ ಹೆಸರಿಸಲು ಸೂಕ್ಷ್ಮದರ್ಶಕ ಬೇಕು, ಗಂಡಿನ ಒಳ ಅಂಗ ನೋಡಬೇಕು. ಹತ್ತಿರದ ಪ್ರಭೇದಗಳ ಗುಂಪಾದ ಕುಲದವರೆಗೆ ಬರಿಗಣ್ಣು ಮತ್ತು ಕೈಮಸೂರದಿಂದ ಬರಬಹುದು, ಅಷ್ಟಕ್ಕೇ ನಿಲ್ಲಿಸುವುದು ಪ್ರಾಮಾಣಿಕತೆ.

ಸಿಬಿಸ್ಟರ್: ಎರಡೂವರೆ ಸೆಂಟಿಮೀಟರ್ ಆಸುಪಾಸು ಅಥವಾ ಅದಕ್ಕೂ ದೊಡ್ಡದು, ಕಡು ಹಸಿರು ಮಿಶ್ರಿತ ಕಪ್ಪು, ಪಕ್ಕದುದ್ದಕ್ಕೂ ಹಳದಿ ಅಂಚು. ಊರ ದೀಪಕ್ಕೆ ಬಂದು ಗೋಡೆಗೆ ಢಿಕ್ಕಿ ಹೊಡೆಯುವುದು ಇದೇ. ಗಂಡಿನ ಮುಂಗಾಲಿನ ಪಾದ ಅಗಲವಾಗಿ ಗುಂಡಿಯಂತಿದೆ, ಅದರ ಅಡಿಯಲ್ಲಿ ಹೆಣ್ಣಿನ ಬೆನ್ನಿಗೆ ಅಂಟಿಕೊಳ್ಳುವ ಹೀರುಬಟ್ಟಲುಗಳಿವೆ. ಹೆಣ್ಣಿನ ಪಾದ ಸಪೂರ.

ಎರೆಟೀಸ್: ಒಂದರಿಂದ ಒಂದೂವರೆ ಸೆಂಟಿಮೀಟರ್, ಮಾಸಲು ಕಂದು, ಮೈತುಂಬ ಕರಿ ಚುಕ್ಕೆ. ಗಿಡವಿಲ್ಲದ, ಕೆಸರು ಬಣ್ಣದ, ತಾತ್ಕಾಲಿಕ ಗುಂಡಿಗಳಲ್ಲೇ ಹೆಚ್ಚು. ನಮ್ಮ ಬಯಲುಸೀಮೆಯ ಹುಳ ಯಾವುದು ಎಂದು ಕೇಳಿದರೆ ಇದನ್ನೇ ತೋರಿಸಬೇಕು. ಮಳೆ ಬಂದು ತುಂಬಿದ ಹೊಸ ನೀರಿಗೆ ಎಲ್ಲಿಂದಲೋ ಹಾರಿ ಬಂದು, ನೀರು ಬತ್ತುವ ಮೊದಲೇ ಮರಿಮಾಡಿ ಮುಗಿಸುವ ಆತುರದ ಜೀವ.

ಹೈಡಾಟಿಕಸ್: ಸುಮಾರು ಅದೇ ಗಾತ್ರ, ಕಪ್ಪು ಮೈಗೆ ಹಳದಿ ಪಟ್ಟೆ. ಜೊಂಡಿನ ಬುಡದಲ್ಲಿರುತ್ತದೆ. ಸ್ಯಾಂಡ್ರಕಾಟಸ್ ಎಂಬುದರ ಕಪ್ಪು ಬೆನ್ನ ಮೇಲೆ ಹಳದಿ ಚಿತ್ತಾರ ಇನ್ನೂ ದಟ್ಟ.

ಲ್ಯಾಕೋಫಿಲಸ್: ನಾಲ್ಕೈದು ಮಿಲಿಮೀಟರ್. ತಟ್ಟೆಯ ನೀರು ಬಸಿದು ನೋಡಿ. ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಹುಳ ಒದ್ದೆ ಪ್ಲಾಸ್ಟಿಕ್ ಮೇಲೆ ಟಪ್ ಎಂದು ಜಿಗಿದರೆ ಇದೇ. ಹಿಂಗಾಲಿನ ಒದೆತಕ್ಕೆ ಚಿಗಟದಂತೆ ಹಾರಿ ತಟ್ಟೆಯ ಹೊರಗೂ ಬೀಳುತ್ತದೆ. ಜಿಗಿಯದೆ ದುಂಡಗೆ ಕೆಂಗಂದಾಗಿ, ಬಟಾಣಿಯ ಅರ್ಧದಂತಿದ್ದರೆ ಹೈಫೈಡ್ರಸ್.

ಮರಿ: ತಾಯಿಯ ಹೋಲಿಕೆಯೇ ಇಲ್ಲ. ಉದ್ದ, ಮೊನೆಯಾದ ಬಾಲ, ಚಪ್ಪಟೆ ತಲೆ, ಕುಡುಗೋಲಿನಂತೆ ಬಾಗಿದ ಎರಡು ದವಡೆ. ದವಡೆಯೊಳಗೆ ಟೊಳ್ಳು ಕೊಳವೆ ಇದೆ. ಗೊದಮೊಟ್ಟೆಗೋ ಸೊಳ್ಳೆಮರಿಗೋ ಚುಚ್ಚಿ, ಅರಗಿಸುವ ರಸ ಒಳಗೆ ಬಿಟ್ಟು, ಕರಗಿದ್ದನ್ನು ಹೀರಿ ಖಾಲಿ ಚರ್ಮ ಬಿಡುತ್ತದೆ. ಬಾಲದ ತುದಿ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ತೂಗಿದರೆ ಉಸಿರಾಡುತ್ತಿದೆ ಎಂದು ಅರ್ಥ. ಬೆರಳು ಕೊಡಬೇಡಿ, ದೊಡ್ಡ ಮರಿ ಕಚ್ಚಿದರೆ ಉರಿಯುತ್ತದೆ.

ಬಾಟಲಿ ಬೋನು

ಬಲೆಗೆ ಸಿಗದ ದೊಡ್ಡ ಜೀರುಂಡೆಗಳಿಗೆ ಇದು ಒಳ್ಳೆಯ ಉಪಾಯ, ಆದರೆ ತಪ್ಪಾಗಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಎಲ್ಲ ಸತ್ತಿರುತ್ತವೆ.

ಎರಡು ಲೀಟರಿನ ತಂಪುಪಾನೀಯದ ಬಾಟಲಿಯ ಮೇಲಿನ ಮೂರರಲ್ಲೊಂದು ಭಾಗ ಕತ್ತರಿಸಿ, ಮುಚ್ಚಳ ತೆಗೆದು, ಅದನ್ನೇ ತಿರುಗಿಸಿ ಗಾಳಿಕೆಯಂತೆ ಒಳಗೆ ತೂರಿಸಿ. ಎರಡು ಕಡೆ ತೂತು ಮಾಡಿ ತಂತಿಯಿಂದ ಕಟ್ಟಿ. ಒಳಗೆ ಬಟ್ಟೆಯ ಪೊಟ್ಟಣದಲ್ಲಿ 20 ಗ್ರಾಂ ಕೋಳಿಯ ಕಾರ್ಜ ಅಥವಾ ಮೀನಿನ ಚೂರು. ಬಟ್ಟೆ ಕಟ್ಟದಿದ್ದರೆ ಚೂರುಚೂರಾಗಿ ನೀರು ಕೊಳೆಯುತ್ತದೆ.

ಈಗ ಮುಖ್ಯ ಮಾತು. ಬೋನು ಪೂರ್ತಿ ಮುಳುಗಬಾರದು. ಬಾಟಲಿಯನ್ನು ಓರೆಯಾಗಿ, ಬಾಯಿ ನೀರಿನೊಳಗೆ, ಬುಡದ ಕಡೆಯ ಕಾಲು ಭಾಗ ನೀರಿನ ಮೇಲೆ ಇರುವಂತೆ ಗೂಟಕ್ಕೆ ಕಟ್ಟಿ. ಬುಡದಲ್ಲಿ ಗಾಳಿ ಉಳಿಯಲೇಬೇಕು, ಸೂಜಿಯಿಂದ ನಾಲ್ಕೈದು ಸಣ್ಣ ತೂತು ಮಾಡಿ. ನೀರು ಏರಿಳಿಯುವ ಜಾಗವಾದರೆ, ಕಾಲುವೆ ನೀರು ಬಿಡುವ ದಿನವಾದರೆ, ಇಡಲೇಬೇಡಿ. ರಾತ್ರಿ ನೀರು ಒಂದು ಗೇಣು ಏರಿದರೂ ಗಾಳಿ ಹೋಗಿ ಹುಳಗಳು ಉಸಿರು ಕಟ್ಟುತ್ತವೆ.

ಸಂಜೆ ಆರಕ್ಕೆ ಇಟ್ಟರೆ ಬೆಳಿಗ್ಗೆ ಏಳರೊಳಗೆ ತೆಗೆಯಿರಿ. ಕಪ್ಪೆ, ಸಣ್ಣ ಒಳ್ಳೆಹಾವು ಸಹ ನುಗ್ಗುತ್ತವೆ, ಕೈ ಹಾಕುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಮರಿಗಳು ಒಂದನ್ನೊಂದು ತಿನ್ನುವುದರಿಂದ ಬೋನಿನಲ್ಲಿ ಬರೀ ಚರ್ಮ ಉಳಿದಿದ್ದರೆ ಆಶ್ಚರ್ಯಪಡಬೇಡಿ.

ಬೋನು ಬೇಡವೆಂದರೆ ಬಿಳಿ ಪಂಚೆ ಕಟ್ಟಿ ಹಿಂದೆ ಬಿಳಿ ಬಲ್ಬು ಉರಿಸಿ. ಮಳೆಗಾಲದ ಸೆಕೆಯ, ಗಾಳಿಯಿಲ್ಲದ, ಚಂದ್ರನಿಲ್ಲದ ರಾತ್ರಿ ಏಳರಿಂದ ಹತ್ತರ ನಡುವೆ ಬರುತ್ತವೆ. ಹಳದಿ ಎಲ್‌ಇಡಿಗೆ ಅಷ್ಟಾಗಿ ಬರುವುದಿಲ್ಲ.

ಡಬ್ಬಿ, ಫೋಟೊ

ಒಂದು ಡಬ್ಬಿಗೆ ಒಂದೇ ಹುಳ. ಅದೇ ಜಾಗದ ನೀರು, ಐದು ಸೆಂಟಿಮೀಟರಿಗಿಂತ ಹೆಚ್ಚು ಬೇಡ, ಹಿಡಿದುಕೊಳ್ಳಲು ಒಂದು ಕಡ್ಡಿ. ಕಡ್ಡಿಯಿಲ್ಲದೆ ನುಣುಪು ಡಬ್ಬಿಯಲ್ಲಿ ಬಿಟ್ಟರೆ ತೇಲಿ ತೇಲಿ ಸುಸ್ತಾಗುತ್ತದೆ. ಮುಚ್ಚಳ ಹಾಕಿ, ತೂತಿರಲಿ. ಇವು ಒಳ್ಳೆಯ ಹಾರಾಟಗಾರರು, ಕಡ್ಡಿಯ ಮೇಲೆ ಹತ್ತಿ ಮೈ ಒಣಗಿಸಿಕೊಂಡು ಎದ್ದುಹೋಗುತ್ತವೆ. ಡಬ್ಬಿಯನ್ನು ನೆರಳಿನಲ್ಲೇ ಇಡಿ. ವಿಜಯಪುರದ ಬಿಸಿಲಿನಲ್ಲಿ ಅಷ್ಟು ನೀರು ಬೇಗ ಕಾಯುತ್ತದೆ. ಎರಡು ಗಂಟೆಯೊಳಗೆ ಬಿಡಿ.

ಫೋಟೊ ಕನಿಷ್ಠ ನಾಲ್ಕು ಬೇಕು: ಬೆನ್ನು, ಹೊಟ್ಟೆಯಡಿ, ಬದಿ, ಮುಂಗಾಲಿನ ಪಾದ. ಸ್ಕೇಲು ಜೊತೆಗಿರಲಿ. ಬೆನ್ನಿನ ಒಂದೇ ಫೋಟೊದಿಂದ ಯಾರೂ ಖಚಿತವಾಗಿ ಹೆಸರು ಹೇಳಲಾರರು. ಮುಂದಿನ ಫ್ಲಾಶ್ ಬೆನ್ನ ಮೇಲೆ ಬಿಳಿ ಮಚ್ಚೆ ಹೊಡೆಯುತ್ತದೆ, ಬೆಳಕು ಬದಿಯಿಂದ ಬರಲಿ. ಸ್ಥಳ, ದಿನಾಂಕ, ನೀರಿನ ಬಗೆ, ಆಳ, ಗಿಡ ಇದ್ದವೋ ಇಲ್ಲವೋ, ಎಷ್ಟು ಬೀಸಿಗೆ ಎಷ್ಟು ಹುಳ ಎಂದು ಅಲ್ಲೇ ಬರೆದುಕೊಳ್ಳಿ. ಜೀವಿಗಳ ಫೋಟೊ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣಕ್ಕೆ ಹಾಕುವಾಗ ಇವೆಲ್ಲ ಬೇಕಾಗುತ್ತವೆ.

ಹುಳ ಮುಟ್ಟಿದ ಕೈಯಿಂದ ಕಣ್ಣು ಉಜ್ಜಿಕೊಳ್ಳಬೇಡಿ. ಹೆದರಿದರೆ ಎದೆಯ ಬಳಿಯ ಗ್ರಂಥಿಯಿಂದ ಹಾಲಿನಂಥ ದ್ರವ ಬಿಡುತ್ತದೆ. ಮೀನು ಇದನ್ನು ಬಾಯಿಗೆ ಹಾಕಿಕೊಂಡು ಉಗುಳುವುದು ಅದಕ್ಕೇ.

ಮೀನುಮರಿ ಸಾಕುವವರಿಗೆ

ಕಾಟ್ಲಾ, ರೋಹುವಿನ ಸಣ್ಣ ಮರಿ ಬಿಡುವ ನರ್ಸರಿ ಹೊಂಡಕ್ಕೆ ಈ ಹುಳ ಮತ್ತು ಅದರ ಮರಿ ನಿಜಕ್ಕೂ ಕಾಟ. ಕೀಟನಾಶಕ ಸುರಿಯುವುದು ಮೂರ್ಖತನ, ಅದು ಮೀನನ್ನೇ ಕೊಲ್ಲುತ್ತದೆ. ಮೊದಲು ಸಣ್ಣ ಕಣ್ಣಿನ ಬಲೆಯನ್ನು ಎರಡು ಮೂರು ದಿನ ಎಳೆಯಿರಿ. ಇನ್ನೂ ಉಳಿದರೆ ಮೀನುಗಾರಿಕೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಾಬೂನು-ಎಣ್ಣೆ ಕ್ರಮವಿದೆ: ಹೆಕ್ಟೇರಿಗೆ 56 ಕಿಲೋ ಅಗ್ಗದ ಅಡುಗೆ ಎಣ್ಣೆ, 18 ಕಿಲೋ ಬಟ್ಟೆ ಸಾಬೂನು. 100 ಚದರ ಮೀಟರಿನ ಹೊಂಡಕ್ಕೆ 560 ಗ್ರಾಂ ಎಣ್ಣೆ, 180 ಗ್ರಾಂ ಸಾಬೂನು. ಸಾಬೂನನ್ನು ಹೆರೆದು ಬಿಸಿನೀರಿನಲ್ಲಿ ಕರಗಿಸಿ, ಎಣ್ಣೆ ಸೇರಿಸಿ ಹಾಲಿನಂತಾಗುವವರೆಗೆ ಕಲಕಿ, ಮರಿ ಬಿಡುವ 12ರಿಂದ 24 ಗಂಟೆ ಮೊದಲು ಮೇಲ್ಮೈ ತುಂಬ ಸಿಂಪಡಿಸಿ. ತೆಳು ಪದರ ಹರಡಿಕೊಂಡು, ಬಾಲ ಮೇಲೆ ಮಾಡಿ ಬಂದ ಹುಳದ ಉಸಿರಿನ ದಾರಿ ಮುಚ್ಚುತ್ತದೆ. ಗಾಳಿ ಬೀಸುವ ದಿನ ಮಾಡಿದರೆ ಪದರ ಒಂದು ಮೂಲೆಗೆ ಸರಿದು ದುಡ್ಡು ದಂಡ. ದನ ನೀರು ಕುಡಿಯುವ ಹೊಂಡಕ್ಕೂ ಕೆರೆಗೂ ಇದನ್ನು ಮಾಡಬಾರದು.

ಮೀನು ಸಾಕದ ಕೃಷಿಹೊಂಡದಲ್ಲಿ ಈ ಹುಳ ಇರುವುದೇ ಲಾಭ, ಸೊಳ್ಳೆಮರಿ ತಿನ್ನುತ್ತದೆ. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಒಂದು ತೊಡಕಿದೆ. ಬೆಳೆದ ಮರಿ ನೀರಿನಿಂದ ಹೊರಗೆ ಹತ್ತಿ ದಂಡೆಯ ಹಸಿಮಣ್ಣಿನಲ್ಲಿ ಗೂಡು ಮಾಡಿಕೊಂಡು ಕೋಶಾವಸ್ಥೆಗೆ ಹೋಗಬೇಕು. ಜಾರುವ ಹಾಳೆಯ ಮೇಲೆ ಹತ್ತಲಾಗದೆ ಅಲ್ಲೇ ಸಾಯುತ್ತದೆ. ಒಂದು ಮೂಲೆಯಲ್ಲಿ ತೆಂಗಿನ ನಾರಿನ ಹಗ್ಗದ ಚಾಪೆಯನ್ನೋ ಹಳೆಯ ಗೋಣಿಚೀಲಗಳನ್ನೋ ನೀರಿನಿಂದ ದಂಡೆಯ ಮಣ್ಣಿನವರೆಗೆ ಇಳಿಬಿಟ್ಟು ಮೇಲೆ ಕಲ್ಲು ಹೇರಿ. ಹೊಂಡಕ್ಕೆ ಬಿದ್ದ ಓತಿಕ್ಯಾತ, ಅಳಿಲು, ಕಪ್ಪೆಗೂ ಅದೇ ಏಣಿ.

ದಾರಿ ತಪ್ಪಿದ ಹುಳ

ಹೊಳೆಯುವ ಕಾರಿನ ಬಾನೆಟ್, ಸೋಲಾರ್ ಫಲಕ, ಕಪ್ಪು ಪ್ಲಾಸ್ಟಿಕ್ ಹಾಳೆ ಇವುಗಳ ಮೇಲೆ ಬೆಳಿಗ್ಗೆ ಜೀರುಂಡೆ ಬಿದ್ದಿರುವುದುಂಟು. ನೀರು ಪ್ರತಿಫಲಿಸುವ ಬೆಳಕಿಗೆ ಒಂದು ಬಗೆಯ ಧ್ರುವೀಕರಣ ಇರುತ್ತದೆ, ಹಾರುವಾಗ ಹುಳ ನೀರನ್ನು ಗುರುತಿಸುವುದು ಅದರಿಂದಲೇ. ನುಣುಪಾದ ಕಪ್ಪು ಮೇಲ್ಮೈ ಅದೇ ಬೆಳಕು ಕೊಡುವುದರಿಂದ ಮೋಸಹೋಗಿ ಇಳಿಯುತ್ತದೆ. ಅಂಗಾತ ಬಿದ್ದು ಕಾಲಾಡಿಸುತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ, ನೀರು ತುಂಬಬೇಡಿ. ಬಿಸಿಲಿಗೆ ಒಣಗಿದ ಹುಳವನ್ನು ಆಳದ ನೀರಿಗೆ ಎಸೆದರೆ ರೆಕ್ಕೆಯಡಿ ಗಾಳಿ ಹೊಂದಿಸಿಕೊಳ್ಳಲಾಗದೆ ಮೇಲೇ ತೇಲುತ್ತ ಪಕ್ಷಿಗೆ ತುತ್ತಾಗುತ್ತದೆ. ಸಂಜೆ ಬಿಸಿಲಿಳಿದ ಮೇಲೆ ಹತ್ತಿರದ ಗುಂಡಿಯ ಬೆರಳು ಮುಳುಗುವಷ್ಟು ನೀರಿನಲ್ಲಿ, ಗಿಡದ ಪಕ್ಕ ಬಿಡಿ. ಸ್ವಲ್ಪ ಹೊತ್ತು ಕಡ್ಡಿ ಹಿಡಿದು ಕೂತಿರುತ್ತದೆ. ಆಮೇಲೆ ಬಾಲ ಮೇಲೆತ್ತಿ, ಗುಳ್ಳೆ ಹಿಡಿದು, ಇಳಿಯುತ್ತದೆ.